ಕಟ್ಟಾದ ಪ್ಲೇಟು: ಪುತ್ತೂರು, ಸುಳ್ಯ, ಕಡಬ ಸೀಮೆಯ ಮಾರ್ಪಡಿಸಿದ ವಾಹನಗಳಲ್ಲಿ ಸಸ್ಪೆನ್ಷನ್ ಬಿಡಿಭಾಗಗಳ ವೈಫಲ್ಯ

ಸುಳ್ಯದ ಸಮೀಪದ ಗ್ಯಾರೇಜೊಂದರ ಗುಜರಿ ರಾಶಿಯಿಂದ ಕೇಳಿ ತಂದ ಒಂದು ಕಟ್ಟಾದ ಪ್ಲೇಟು ಈ ಲೇಖನಕ್ಕೆ ಮೂಲ. ಜೀಪೊಂದರ ಹಿಂಗಾಲಿಯ ಕಮಾನುಪಟ್ಟಿಗಳ ಸೆಟ್ಟಿನಲ್ಲಿ ಮೇಲಿನಿಂದ ಮೂರನೆಯದಾಗಿದ್ದ ಪಟ್ಟಿ ಅದು. ಕಮಾನುಪಟ್ಟಿ ಎಂಬುದು ಪುಸ್ತಕದ ಮಾತು. ನಮ್ಮ ಕಡೆ ಅದಕ್ಕೆ ಪ್ಲೇಟ್ ಎಂದೇ ಹೆಸರು. ನಡುವಿನ ಸೆಂಟರ್ ಬೋಲ್ಟಿನ ತೂತಿಗೆ ಅಡ್ಡಲಾಗಿ ಅದು ತುಂಡಾಗಿದೆ. ತುಂಡಾದ ಮುಖವನ್ನು ಬೆಳಕಿಗೆ ಹಿಡಿದರೆ ಎರಡು ಬಣ್ಣ ಕಾಣುತ್ತದೆ. ತೂತಿನ ಅಂಚಿನಿಂದ ಹೊರಟು ಮುಕ್ಕಾಲು ಪಾಲು ಹರಡಿದ ಭಾಗ ತುಕ್ಕಿನ ಕಂದು. ಅದರ ಮೇಲೆ, ಬೇಸಗೆಯಲ್ಲಿ ಕೆರೆ ಇಳಿಯುತ್ತ ಹೋದಾಗ ದಡದಲ್ಲಿ ಉಳಿಯುವ ಗುರುತುಗಳಂತೆ, ಒಂದರ ಹಿಂದೆ ಒಂದು ಬಾಗಿದ ಗೆರೆಗಳು. ಉಳಿದ ಕಾಲು ಪಾಲು ಆಗಷ್ಟೇ ಒಡೆದ ಬೆಲ್ಲದ ಅಚ್ಚಿನಂತೆ ತರಿತರಿ, ಬೂದು ಹೊಳಪು.

ಲೋಹಶಾಸ್ತ್ರದಲ್ಲಿ ಈ ಗೆರೆಗಳಿಗೆ ಸ್ಪಷ್ಟವಾದ ಅರ್ಥವಿದೆ. ಬಿರುಕು ಹುಟ್ಟಿದ್ದು ತೂತಿನ ಅಂಚಿನಲ್ಲಿ. ಬೆಳೆದದ್ದು ದಿನಕ್ಕೆ ಕೂದಲೆಳೆಯಷ್ಟು. ನಡುವೆ ನೀರು ಸೇರಿ ತುಕ್ಕು ಹಿಡಿಯುವಷ್ಟು ಸಮಯ ಸಿಕ್ಕಿದೆ. ಕೊನೆಯ ಕಾಲು ಪಾಲು ಮಾತ್ರ ಒಂದೇ ಏಟಿಗೆ ಹೋದದ್ದು. ಗ್ಯಾರೇಜಿನಲ್ಲಿ ಕೇಳಿದರೆ ಉತ್ತರ ಸಿದ್ಧವಿತ್ತು: ‘ಗುಂಡಿಗೆ ಬಿದ್ದು ಕಟ್ಟಾಯಿತು.’ ಗುಂಡಿ ಕೊನೆಯ ಸಾಕ್ಷಿ ಮಾತ್ರ. ಉಳಿದ ಮುಕ್ಕಾಲು ಪಾಲು ಎಲ್ಲಿ, ಯಾಕೆ, ಯಾರ ಕಣ್ಣಿಗೂ ಬೀಳದೆ ಸೀಳಿತು ಎಂಬುದು ಇಲ್ಲಿನ ಪ್ರಶ್ನೆ.

ಮಾರ್ಪಡಿಸಿದ ವಾಹನ ಎಂದ ಕೂಡಲೇ ಬೆಂಗಳೂರಿನ ಓದುಗರಿಗೆ ನೆನಪಾಗುವುದು ದೊಡ್ಡ ಟಯರು, ಬಣ್ಣದ ಶಾಕ್, ಶೋಕಿ. ಈ ಮೂರು ತಾಲೂಕುಗಳಲ್ಲಿ ಹಾಗೆ ಮಾಡಿಸುವವರು ಈಗ ಇದ್ದಾರೆ; 2020ರಲ್ಲಿ ಹೊಸ ಥಾರ್ ಬಂದ ಮೇಲೆ ಅವರ ಸಂಖ್ಯೆ ಕಣ್ಣಿಗೆ ಕಾಣುವಂತೆ ಹೆಚ್ಚಿದೆ. ಆದರೆ ಇಲ್ಲಿನ ಮಾರ್ಪಾಡಿಗೆ ಅದಕ್ಕಿಂತ ಹಳೆಯ ಕಾರಣವೊಂದಿದೆ, ಅದು ನೆಲದ್ದು. ಮನೆ ಮತ್ತು ತೋಟ ಇರುವುದು ತಗ್ಗಿನಲ್ಲಿ, ತೋಡಿನ ಬದಿಯಲ್ಲಿ. ಡಾಮಾರು ರಸ್ತೆ ಹೋಗುವುದು ಗುಡ್ಡೆಯ ನೆತ್ತಿಯಲ್ಲಿ. ನಡುವಿನ ಇಳಿಜಾರನ್ನು ಹತ್ತಿಸಬೇಕಾದದ್ದು ಅಡಿಕೆ ಗೋಣಿ, ತೆಂಗಿನಕಾಯಿ, ರಬ್ಬರ್ ಶೀಟು, ಗೊಬ್ಬರ, ಮನೆ ಕಟ್ಟುವ ಕೆಂಪುಕಲ್ಲು. ಕೊಲ್ಲಮೊಗ್ರು, ಮಡಪ್ಪಾಡಿ, ತೊಡಿಕಾನದ ಕಡೆಯ ಒಳದಾರಿಗಳಲ್ಲಿ ಜೀಪು ಜನರನ್ನೂ ಹೊತ್ತಿತು, ಸಾಮಾನನ್ನೂ ಹೊತ್ತಿತು. ಕಂಪನಿ ಕೊಟ್ಟ ಪ್ಲೇಟ್ ಸೆಟ್ಟು ಆ ಭಾರಕ್ಕೆ ಕುಳಿತುಬಿಡುತ್ತದೆ. ಆದ್ದರಿಂದ ಒಂದು ಪ್ಲೇಟು ಹೆಚ್ಚಿಗೆ ಹಾಕಿಸುವುದು ಇಲ್ಲಿ ಕೊಟ್ಟಿಗೆಗೆ ಒಂದು ಕಂಬ ಹೆಚ್ಚಿಗೆ ನೆಟ್ಟಷ್ಟೇ ಸಹಜವಾದ ಕೆಲಸ. ಅದನ್ನು ಅಪರಾಧವೆಂದು ಆರಂಭದಲ್ಲೇ ತೀರ್ಮಾನಿಸಿದರೆ ಸಂಶೋಧನೆಗೆ ಏನೂ ದಕ್ಕುವುದಿಲ್ಲ.

ತೊಂದರೆ ಇರುವುದು ಇನ್ನೊಂದು ಕಡೆ. ತೋಟದ ದಾರಿಗೆಂದು ಎತ್ತರಿಸಿದ, ಬಿರುಸು ಮಾಡಿದ ಅದೇ ಬಂಡಿ ಮಧ್ಯಾಹ್ನ ರಾಷ್ಟ್ರೀಯ ಹೆದ್ದಾರಿ 275ರಲ್ಲಿ ಸಂಪಾಜೆ ದಾಟಿ, ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಗೆ ಹತ್ತುತ್ತದೆ, ಸಂಜೆ ಇಳಿಯುತ್ತದೆ. ಕಡಬದ ಕಡೆಯವರಾದರೆ ಗುಂಡ್ಯದಿಂದ ಹೆದ್ದಾರಿ 75ರ ಶಿರಾಡಿ ಘಾಟಿ. ಗಂಟೆಗೆ 10 ಕಿ.ಮೀ. ವೇಗದಲ್ಲಿ ಮುರಿದರೆ ಬೈಗುಳದಲ್ಲಿ ಮುಗಿಯುವ ಭಾಗ ಗಂಟೆಗೆ 60 ಕಿ.ಮೀ.ನಲ್ಲಿ, ತಿರುವಿನಲ್ಲಿ, ಸುಬ್ರಹ್ಮಣ್ಯಕ್ಕೆ ಹೊರಟ ಯಾತ್ರಿಕರ ಬಸ್ಸು ಎದುರಿಗೆ ಬರುವಾಗ ಮುರಿದರೆ ಜೀವಕ್ಕೆ ಕುತ್ತು.

ಮತ್ತೆ ಪ್ಲೇಟಿಗೆ ಬರೋಣ. ಅಳೆದರೆ ಅದರ ದಪ್ಪ 8 ಮಿ.ಮೀ. ಅದೇ ಸೆಟ್ಟಿನ ಉಳಿದ ಪ್ಲೇಟುಗಳದ್ದು 6. ಎರಡು ತುದಿಗಳಲ್ಲಿ ಗ್ಯಾಸ್ ಕಟ್ಟಿಂಗಿನ ಅಲೆಅಲೆಯಾದ ಗುರುತು. ಅಂದರೆ ಇದು ಲಾರಿಯ ಹಳೆ ಪ್ಲೇಟು. ಗುಜರಿಯಿಂದ ತಂದು, ಉದ್ದಕ್ಕೆ ತಕ್ಕಂತೆ ಕತ್ತರಿಸಿ, ಜೀಪಿನ ಸೆಟ್ಟಿನೊಳಗೆ ಸೇರಿಸಿದ್ದು. ದಪ್ಪ ಪ್ಲೇಟು ಗಟ್ಟಿ, ಆದ್ದರಿಂದ ಬಾಳುತ್ತದೆ ಎಂಬುದು ಎಲ್ಲರ ನಂಬಿಕೆ. ಲೆಕ್ಕ ಹೇಳುವುದು ಇದಕ್ಕೆ ತದ್ವಿರುದ್ಧ. ಒಂದರ ಮೇಲೊಂದು ಅಂಟಿ ಕುಳಿತ ಪ್ಲೇಟುಗಳು ಭಾರ ಬಿದ್ದಾಗ ಹೆಚ್ಚುಕಡಿಮೆ ಒಂದೇ ಬಾಗಿನಲ್ಲಿ ಬಾಗುತ್ತವೆ. ಬಾಗು ಒಂದೇ ಆದಾಗ ಮೇಲ್ಮೈಯ ಎಳೆತ ದಪ್ಪಕ್ಕೆ ಅನುಗುಣವಾಗಿ ಏರುತ್ತದೆ. ತೆಳು ಬಿದಿರಿನ ಸಲಾಕೆ ಬಳುಕುವಷ್ಟು ದಪ್ಪ ಬಿದಿರನ್ನು ಬಳುಕಿಸಲು ಹೋದರೆ ಅದು ಸಿಬಿರೆದ್ದು ಸೀಳುವುದು ಇದೇ ಕಾರಣಕ್ಕೆ. 6ರ ಜೊತೆಗೆ 8 ಸೇರಿಸಿದಾಗ ಆ ಎಂಟರ ಮೇಲ್ಮೈಯಲ್ಲಿ ಒತ್ತಡ ಮೂರನೇ ಒಂದರಷ್ಟು ಹೆಚ್ಚು. ಲೋಹದ ದಣಿವಿನ ನಿಯಮದಲ್ಲಿ ಬಾಳಿಕೆ ಒತ್ತಡದ ಘಾತದಲ್ಲಿ ಕುಸಿಯುತ್ತದೆ. ಆ ಘಾತಾಂಕವನ್ನು ಕಡಿಮೆಯೆಂದರೂ 5 ಎಂದು ಹಿಡಿದರೆ, ದಪ್ಪ ಪ್ಲೇಟಿನ ಆಯುಸ್ಸು ಪಕ್ಕದ ತೆಳು ಪ್ಲೇಟಿನ ಕಾಲು ಪಾಲಿಗೆ ಇಳಿಯುತ್ತದೆ. ಅದೂ ಹೊಸ ಪ್ಲೇಟಾದರೆ. ಇದು ಲಾರಿಯ ಅಡಿಯಲ್ಲಿ ಒಂದು ಆಯುಸ್ಸು ಕಳೆದು ಬಂದದ್ದು.

ಹೀಗಾಗಿ ಈ ಸೀಮೆಯ ಅಪಾಯವನ್ನು ‘ಒರಿಜಿನಲ್’ ಮತ್ತು ‘ಡೂಪ್ಲಿಕೇಟ್’ ಎಂಬ ಅಂಗಡಿಯ ಮಾತಿನಲ್ಲಿ ಅಳೆಯುವುದು ಸಾಲದು ಎಂಬುದು ನನ್ನ ವಾದ. ಕಳಪೆ ಮಾಲು ಇದೆ, ಅದು ನಿಜ. ಒಳ್ಳೆಯ ಪ್ಲೇಟನ್ನು ಸಿಲಿಕಾನ್-ಮ್ಯಾಂಗನೀಸ್ ಉಕ್ಕಿನಲ್ಲಿ ಮಾಡಿ, ಕಾಯಿಸಿ, ಎಣ್ಣೆಯಲ್ಲಿ ತಣಿಸಿ, ಮತ್ತೆ ಹದವಾಗಿ ಕಾಯಿಸಿ, ಕೊನೆಗೆ ಎಳೆತ ಬೀಳುವ ಮೈಗೆ ಸಣ್ಣ ಉಕ್ಕಿನ ಗುಂಡುಗಳ ಮಳೆಗರೆಯುತ್ತಾರೆ. ಆ ಏಟುಗಳಿಂದ ಮೇಲ್ಮೈ ಬಿಗಿದುಕೊಂಡು ಬಿರುಕಿಗೆ ಬಾಯಿ ಬಿಡದಂತಾಗುತ್ತದೆ. ಅಗ್ಗದ ಪ್ಲೇಟಿನಲ್ಲಿ ಬಿಟ್ಟುಹೋಗುವುದು ಸಾಮಾನ್ಯವಾಗಿ ಈ ಕೊನೆಯ ಹಂತ, ಮತ್ತು ಅದು ಕಣ್ಣಿಗೆ ಕಾಣುವುದಿಲ್ಲ. ವಾಹನಗಳ ಕಮಾನುಪಟ್ಟಿಗೆಂದೇ ಐಎಸ್ 1135 ಎಂಬ ಭಾರತೀಯ ಮಾನಕವಿದೆ. ಆದರೂ ಅತ್ಯುತ್ತಮ ಕಂಪನಿಯ 8 ಮಿ.ಮೀ. ಪ್ಲೇಟನ್ನು ಆ ಸೆಟ್ಟಿಗೆ ಹಾಕಿದ್ದರೂ ಮೇಲಿನ ಲೆಕ್ಕ ಬದಲಾಗುತ್ತಿರಲಿಲ್ಲ. ಮುರಿಯುವುದು ಒಂದು ಭಾಗ, ಸೋಲುವುದು ಜೋಡಣೆ.

ಜೋಡಣೆಯ ಸೋಲು ಹೆಚ್ಚಾಗಿ ಪ್ಲೇಟಿನಿಂದ ದೂರದಲ್ಲಿ ತೋರುತ್ತದೆ. ಹಳೆ ಜೀಪಿನಲ್ಲಿ ಸ್ಟೇರಿಂಗ್ ಬಾಕ್ಸ್ ಇರುವುದು ಚಾಸಿಯಲ್ಲಿ, ಅದರ ರಾಡಿನ ಇನ್ನೊಂದು ತುದಿ ಆಕ್ಸಲಿನ ಕಡೆಗೆ. ಪ್ಲೇಟಿಗೆ ಬೆಂಡು ಹೊಡೆಸಿ ಅಥವಾ ಪ್ಲೇಟಿನ ತುದಿಯನ್ನು ಚಾಸಿಗೆ ತಗುಲಿಸುವ ಶಾಕಲನ್ನು ಉದ್ದದ್ದು ಹಾಕಿ ಬಾಡಿ ಎತ್ತಿದರೆ ಆ ರಾಡು ಓರೆಯಾಗುತ್ತದೆ. ಆಮೇಲೆ ಗಾಲಿ ಗುಂಡಿಗಿಳಿದಾಗಲೆಲ್ಲ ಸ್ಟೇರಿಂಗ್ ತಾನಾಗಿಯೇ ಒಂದು ಕಡೆಗೆ ಎಳೆಯುತ್ತದೆ. ಶಾಕ್ ಅಬ್ಸಾರ್ಬರ್ ಹಳೆಯ ಉದ್ದದ್ದೇ ಉಳಿದರೆ, ಗಾಲಿ ನೇತಾಡುವ ಹೊತ್ತಿಗೆ ಆಕ್ಸಲಿನ ಭಾರವನ್ನೆಲ್ಲ ಹಿಡಿಯುವುದು ಆ ಶಾಕಿನ ಕಣ್ಣು ಮತ್ತು ಬುಶ್ಶು. ಅವು ಆ ಕೆಲಸಕ್ಕೆ ಹುಟ್ಟಿದವಲ್ಲ. ಎಲ್ಲಕ್ಕಿಂತ ನನ್ನನ್ನು ಕಾಡುವುದು ಬ್ರೇಕ್ ಹೋಸ್. ಚಾಸಿಯಿಂದ ಆಕ್ಸಲಿಗೆ ಇಳಿಯುವ ಆ ರಬ್ಬರ್ ಕೊಳವೆಯ ಉದ್ದವನ್ನು ಕಂಪನಿ ತನ್ನ ಎತ್ತರಕ್ಕೆ ಲೆಕ್ಕ ಹಾಕಿ ಇಟ್ಟಿರುತ್ತದೆ. ನಾಲ್ಕು ಇಂಚು ಎತ್ತಿದ ಜೀಪಿನ ಒಂದು ಗಾಲಿ ಕಣಿಗೆ ಇಳಿದಾಗ ಹೋಸ್ ತಂತಿಯಂತೆ ಬಿಗಿಯುತ್ತದೆ. ಹರಿಯುವುದು ಇವತ್ತೇ ಆಗಬೇಕಿಲ್ಲ. ಬೆಂಕಿಕಡ್ಡಿಯಷ್ಟು ಸೀಳು ಬಿಟ್ಟರೆ ಸಾಕು, ಉಳಿದದ್ದನ್ನು ಘಾಟಿಯ ಬ್ರೇಕ್ ಒತ್ತಡ ಮಾಡಿ ಮುಗಿಸುತ್ತದೆ.

ಪಿಕಪ್‌ಗಳಲ್ಲಿ ಇನ್ನೂ ಸೂಕ್ಷ್ಮವಾದ ಮೋಸವಿದೆ. ಅನೇಕ ಪಿಕಪ್‌ಗಳ ಹಿಂಬದಿಯಲ್ಲಿ ಭಾರ ನೋಡಿ ಬ್ರೇಕ್ ಹಂಚುವ ವಾಲ್ವ್ ಇರುತ್ತದೆ. ಚಾಸಿಗೂ ಆಕ್ಸಲಿಗೂ ಇರುವ ಅಂತರವೇ ಅದಕ್ಕೆ ತಕ್ಕಡಿ: ಬಾಡಿ ಕುಳಿತಿದ್ದರೆ ಲೋಡು ಇದೆ, ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಕೊಡು, ಬಾಡಿ ಎದ್ದಿದ್ದರೆ ಗಾಡಿ ಖಾಲಿ, ಕಡಿಮೆ ಕೊಡು. ಎರಡು ಪ್ಲೇಟು ಹೆಚ್ಚಿಗೆ ಹಾಕಿದ ಪಿಕಪ್ ಕೆಂಪುಕಲ್ಲು ತುಂಬಿಕೊಂಡಾಗಲೂ ಎದ್ದೇ ನಿಲ್ಲುತ್ತದೆ. ವಾಲ್ವ್ ಅದನ್ನು ಖಾಲಿಯೆಂದು ತಿಳಿದು ಹಿಂದಿನ ಬ್ರೇಕನ್ನು ತಡೆಹಿಡಿಯುತ್ತದೆ. ಮುಂದಿನ ಬ್ರೇಕು ಕಾದು ಹೋಗುತ್ತದೆ. ಪ್ಲೇಟ್ ಹಾಕಿದವರಿಗೂ ಓಡಿಸುವವರಿಗೂ ಈ ಸಂಬಂಧ ಹೊಳೆಯುವುದೇ ಇಲ್ಲ, ಏಕೆಂದರೆ ಮುರಿದದ್ದು ಏನೂ ಇಲ್ಲ.

ಕಾರುಗಳ ಕಥೆ ಬೇರೆ ಬಗೆಯದು. ಕಾಯಿಲ್ ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರ್ ಬಫರ್ ತುರುಕಿ ಎತ್ತರ ಪಡೆಯುವುದು ಇತ್ತೀಚಿನ ರೂಢಿ. ಒಂದು ಸುತ್ತು ಕೆಲಸ ನಿಲ್ಲಿಸುವುದರಿಂದ ಸ್ಪ್ರಿಂಗ್ ಬಿರುಸಾಗುತ್ತದೆ, ಗುಂಡಿಯ ಏಟು ಹೆಚ್ಚುತ್ತದೆ. ಜೊತೆಗೆ ಬಫರ್ ಮುಟ್ಟುವ ಜಾಗದಲ್ಲಿ ಮರಳು ಸಿಕ್ಕಿ ಬಣ್ಣ ಸವೆದು, ಅಲ್ಲೇ ನೀರು ನಿಂತು ತುಕ್ಕಿನ ಚುಕ್ಕೆ ಏಳುತ್ತದೆ. ಬಿರುಕಿಗೆ ಅಷ್ಟು ಸಾಕು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ದೇಶಗಳಲ್ಲಿ ತುಕ್ಕು ಹಿಡಿದು ಮುರಿದ ಕಾಯಿಲಿನ ಚೂಪು ತುದಿ ಟಯರಿಗೆ ಚುಚ್ಚಿದ್ದರಿಂದ ಕಂಪನಿಗಳು ಕಾರುಗಳನ್ನು ವಾಪಸು ಕರೆದದ್ದುಂಟು. ನಮ್ಮಲ್ಲಿ ಉಪ್ಪಿಲ್ಲ, ಮಳೆ ಇದೆ.

ಆ ಮಳೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಒಣ ಗಾಳಿಯಲ್ಲಿ ಉಕ್ಕಿಗೆ ಒಂದು ಮಿತಿ ಇದೆ. ಅದರ ಕೆಳಗಿನ ಒತ್ತಡವನ್ನು ಅದು ಲಕ್ಷಗಟ್ಟಲೆ ಸಲ ತಡೆದುಕೊಳ್ಳುತ್ತದೆ. ನೀರು ಮತ್ತು ತುಕ್ಕು ಸೇರಿದಾಗ ಆ ಮಿತಿಯೇ ಮಾಯವಾಗುತ್ತದೆ. ಪ್ರತಿ ಬಾಗಿಗೂ ಬಿರುಕು ಬಾಯಿ ತೆರೆಯುತ್ತದೆ, ನೀರು ಕುಡಿಯುತ್ತದೆ, ಮುಚ್ಚುತ್ತದೆ. ಮುರಕಲ್ಲಿನ ಕೆಂಪು ಕೆಸರು ಪ್ಲೇಟುಗಳ ನಡುವೆ ಹೊಕ್ಕು ಉಪ್ಪುಕಾಗದದಂತೆ ಉಜ್ಜುತ್ತದೆ, ಮತ್ತು ಹೊರಗಿನಿಂದ ಒಂದೇ ಬಣ್ಣ ಬಳಿದು ಬಿರುಕನ್ನು ಮುಚ್ಚಿಡುತ್ತದೆ. ಮಳೆಗಾಲಕ್ಕೆ ಮುಂಚೆ ಪ್ಲೇಟಿಗೆ ಎಂಜಿನ್ನಿನ ಸುಟ್ಟ ಆಯಿಲ್ ಹಚ್ಚುವ ಪದ್ಧತಿ ಇಲ್ಲಿ ಹಳೆಯದು. ಅದರಲ್ಲಿ ವಿವೇಕವಿದೆ, ಪ್ಲೇಟಿಗೆ ಅದು ಒಳ್ಳೆಯದೇ. ಆದರೆ ತುದಿಯ ಬುಶ್ಶು ರಬ್ಬರಿನದಾದರೆ ಅದೇ ಆಯಿಲ್ ಅದನ್ನು ಊದಿಸಿ ಮೆತ್ತಗೆ ಮಾಡುತ್ತದೆ. ತೋಟದಲ್ಲಿ ರಬ್ಬರ್ ಹಾಲು ತೆಗೆಯುವವರಿಗೆ ಖನಿಜ ಎಣ್ಣೆ ರಬ್ಬರಿಗಾಗದು ಎಂಬುದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಬ್ರಶ್ಶನ್ನು ಬುಶ್ಶಿನಿಂದ ನಾಲ್ಕು ಬೆರಳು ದೂರ ನಿಲ್ಲಿಸಿದರೆ ಆಯಿತು.

ಎತ್ತರ ಹೆಚ್ಚಿದ್ದಕ್ಕೆ ಮಗುಚುವ ಅಪಾಯ ಎಷ್ಟು ಹೆಚ್ಚುತ್ತದೆ ಎಂಬುದಕ್ಕೂ ಸರಳ ಲೆಕ್ಕವಿದೆ. ಎರಡು ಗಾಲಿಗಳ ನಡುವಿನ ಅಗಲ 1.3 ಮೀಟರ್, ಭಾರಕೇಂದ್ರದ ಎತ್ತರ 0.7 ಮೀಟರ್ ಎಂದಿಟ್ಟುಕೊಳ್ಳಿ. ಭಾರಕೇಂದ್ರ 10 ಸೆಂ.ಮೀ. ಮೇಲೇರಿದರೆ ತಿರುವಿನಲ್ಲಿ ಮಗುಚದೆ ತಾಳುವ ಅಡ್ಡಬಲ ಎಂಟನೇ ಒಂದರಷ್ಟು ಇಳಿಯುತ್ತದೆ. ಮೇಲಿನ ಕ್ಯಾರಿಯರಿಗೆ ನಾಲ್ಕು ಗೋಣಿ ಹಾಕಿದರೆ ಅದು ಇನ್ನೂ ಕುಸಿಯುತ್ತದೆ.

ಕಾನೂನು ಈ ಬಗ್ಗೆ ಸುಮ್ಮನಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಕಲಂ 52 ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನ ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ ಕಲಂ 182ಎ ಪ್ರಕಾರ ನಿಯಮ ಮೀರಿದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂ. ದಂಡ, ಅಥವಾ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ. ಆದರೆ ನೋಡುವ ಕಣ್ಣು ಎಲ್ಲಿದೆ? ಬಾಡಿಗೆ ವಾಹನ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್‌ನೆಸ್‌ಗೆ ಹೋಗಬೇಕು. ಸ್ವಂತದ ಜೀಪು, ಕಾರು ನೋಂದಣಿಯಾದ ಮೇಲೆ ಮತ್ತೆ ಸಾರಿಗೆ ಕಚೇರಿಗೆ ಬರಬೇಕಾದದ್ದು 15 ವರ್ಷಕ್ಕೆ. ಕೆಎ 21 ಫಲಕದ ಸ್ವಂತ ಜೀಪು ಈ ನಡುವೆ ಹದಿನೈದು ಮಳೆಗಾಲ ಕಳೆದಿರುತ್ತದೆ. ಇದರ ಪಕ್ಕದಲ್ಲಿ ರ‍್ಯಾಲಿ ಕಾರನ್ನು ಇಟ್ಟು ನೋಡಿ. ಅದರ ಮಾರ್ಪಾಡು ಇದಕ್ಕಿಂತ ಹತ್ತು ಪಟ್ಟು, ಆದರೆ ಪ್ರತಿ ಸ್ಪರ್ಧೆಗೂ ಮುನ್ನ ಅದನ್ನು ತಪಾಸಣೆಗೆ ನಿಲ್ಲಿಸುತ್ತಾರೆ.

ಆದ್ದರಿಂದ ಕಾಯುವ ಕೆಲಸ ಈಗ ಉಳಿದಿರುವುದು ಗ್ಯಾರೇಜಿನ ಮೇಲೆ. ಸುಳ್ಯದಲ್ಲೂ ಪುತ್ತೂರಿನಲ್ಲೂ ಎಂಜಿನಿಯರಿಂಗ್ ಕಾಲೇಜುಗಳಿವೆ. ಬಿರುಕಿಗೆ ಬಣ್ಣದ ದ್ರವ ಹಚ್ಚಿ ಒರೆಸಿ ನೋಡುವ ಪರೀಕ್ಷೆಗೆ ದುಬಾರಿ ಯಂತ್ರ ಬೇಕಾಗಿಲ್ಲ. ಮೇ ತಿಂಗಳಲ್ಲಿ ಒಂದು ವಾರ, ಪ್ಲೇಟ್ ಸೆಟ್ ಬಿಚ್ಚಿ ತೊಳೆದು ನೋಡುವ ಶಿಬಿರ ನಡೆಸಿದರೆ ವಿದ್ಯಾರ್ಥಿಗಳಿಗೂ ಪಾಠ, ಊರಿಗೂ ಉಪಕಾರ. ಯಾವ ಗಾಡಿಗೆ ಯಾವ ದಪ್ಪದ ಪ್ಲೇಟನ್ನು ಯಾವಾಗ ಹಾಕಿದರು ಎಂಬ ಒಂದು ಸಾಲಿನ ದಾಖಲೆ ಇಟ್ಟರೂ, ಇನ್ನು ಐದು ವರ್ಷಕ್ಕೆ ಈ ವಿಷಯದಲ್ಲಿ ಬರೆಯುವವರ ಕೈಯಲ್ಲಿ ನನಗಿಲ್ಲದ ಆಧಾರ ಇರುತ್ತದೆ.

ನನ್ನ ಬಳಿಯಿರುವ ತುಂಡಿನ ಬಗ್ಗೆ ಒಂದು ಮಾತು ಬಾಕಿ ಇದೆ. ಬಿರುಕು ತೂತಿನಲ್ಲೇ ಏಕೆ ಹುಟ್ಟಿತು? ಆ ತೂತಿನ ಸುತ್ತ ಅಂಗೈಯಗಲದಷ್ಟು ಜಾಗ ಕನ್ನಡಿಯಂತೆ ನುಣುಪಾಗಿದೆ. ಪ್ಲೇಟ್ ಸೆಟ್ಟನ್ನು ಆಕ್ಸಲಿಗೆ ಕಟ್ಟುವ ಯು-ಬೋಲ್ಟು ಬಿಗಿಯಾಗಿದ್ದರೆ ಆ ಜಾಗ ಅಲುಗಾಡುವುದಿಲ್ಲ, ಬಾಗುವುದೂ ಇಲ್ಲ, ತೂತಿಗೆ ಒತ್ತಡ ತಲುಪುವುದಿಲ್ಲ. ಸಡಿಲವಾದರೆ ಪ್ಲೇಟುಗಳು ಒಂದರ ಮೇಲೊಂದು ಜಾರಿ ಉಜ್ಜಿಕೊಂಡು ಹೀಗೆ ಹೊಳಪೇರುತ್ತವೆ. ಪ್ಲೇಟ್ ಸೇರಿಸಿದಾಗ ಸೆಟ್ಟು ದಪ್ಪವಾಗಿದೆ, ಯು-ಬೋಲ್ಟು ಮಾತ್ರ ಹಳೆಯದೇ. ಅದರ ನಟ್ಟು ಥ್ರೆಡ್ಡಿನ ಕೊನೆಯ ಎರಡು ಸುತ್ತನ್ನಷ್ಟೇ ಹಿಡಿದಿತ್ತು ಎಂಬುದನ್ನು ಗ್ಯಾರೇಜಿನವರೇ ಬೋಲ್ಟನ್ನು ಎತ್ತಿ ತೋರಿಸಿದರು. ಹೊಸ ಉದ್ದದ ಯು-ಬೋಲ್ಟು ಹಾಕಿ, ಕೆಲವು ನೂರು ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಿಗಿಮಾಡಿ, ನಟ್ಟಿನಿಂದ ಬೋಲ್ಟಿಗೆ ಬಿಳಿ ಪೈಂಟಿನಲ್ಲಿ ಒಂದು ಗೆರೆ ಎಳೆದಿದ್ದರೆ, ಸಡಿಲವಾದ ದಿನವೇ ಆ ಗೆರೆ ಎರಡಾಗಿ ಕಾಣುತ್ತಿತ್ತು.