ಟ್ರೈನರ್ ಆಯ್ತು, ಮುಂದಿನ ವಿಮಾನ ಯಾವುದು? ಎರಡನೇ ಮೆಟ್ಟಿಲಿನ ಇತಿಹಾಸ

(ಈ ವಾರದ ಸಂಚಿಕೆಯ ಲಿಖಿತ ರೂಪ)

ಬೆಳಗಾವಿಯಲ್ಲಿ ಆರ್‌ಸಿ ಪ್ಲೇನ್ ಹುಚ್ಚಿರೋರು, ಅಂದ್ರೆ ರಿಮೋಟ್ ಹಿಡಿದು ಪುಟ್ಟ ವಿಮಾನ ಹಾರಿಸೋರು, ನಾಲ್ಕು ಮಂದಿ ಸೇರಿದ್ರೆ ಒಂದು ಪ್ರಶ್ನೆ ಬಂದೇ ಬರ್ತದ: "ಟ್ರೈನರ್ ಕೈಗೆ ಕೂತ್ತು. ಈಗ ಯಾವ ಪ್ಲೇನ್ ತಗೊಳ್ಳಲಿ?" ಒಬ್ಬ ಸ್ಪಿಟ್‌ಫೈರ್ ಅಂತಾನ, ಇನ್ನೊಬ್ಬ ಜೆಟ್ ಅಂತಾನ, ಮತ್ತೊಬ್ಬ "ರೊಕ್ಕ ಎಷ್ಟದ?" ಅಂತ ಕೇಳ್ತಾನ.

ನಾನು ಬಿ.ಕಾಂ. ಓದಿದವ, ಹಂಗಾಗಿ ಮೂರನೆಯವನ ಪ್ರಶ್ನೆ ನನಗೆ ಮೊದಲು ಅರ್ಥ ಆಗ್ತದ. ಆದ್ರೆ ಈ ಪ್ರಶ್ನೆಯ ಹಿಂದೆ ಹೋದಾಗ ದೊಡ್ಡದೊಂದು ಇತಿಹಾಸ ಸಿಕ್ಕಿತು. ಇದೇ ಪ್ರಶ್ನೆಯನ್ನ ನಮ್ಮ ವಾಯುಪಡೆ ಕೇಳಿಕೊಂಡಿತ್ತು. ಉತ್ತರ ಕೈಗೆ ಬರೋಕೆ 26 ವರ್ಷ ಹಿಡೀತು. ಆ ಉತ್ತರ ಕೊನೆಗೆ ಬಂದು ಇಳಿದಿದ್ದು ನಮ್ಮ ಕರ್ನಾಟಕದಲ್ಲೇ, ಬೀದರ್‌ನಲ್ಲಿ. ಇವತ್ತಿನ ಸಂಚಿಕೆ ಅದರ ಬಗ್ಗೆ.

ಟ್ರೈನರ್ ಯಾಕೆ ಹಾಗೇ ಇರ್ತದ?

ಮೊದಲು ಟ್ರೈನರ್ ನೋಡೋಣ. ರೆಕ್ಕೆ ಮೈಯ ಮೇಲ್ಗಡೆ ಇರ್ತದ. ಎರಡೂ ರೆಕ್ಕೆ ತುದಿ ಸ್ವಲ್ಪ ಮೇಲೆದ್ದಿರ್ತಾವ. ತೂಕ ಕಡಿಮೆ, ವೇಗ ಕಡಿಮೆ. ಗಾಳಿ ಬಂದು ಒಂದು ಕಡೆ ವಾಲಿಸಿದ್ರೂ, ನೀವು ಕಡ್ಡಿಯಿಂದ ಬೆರಳು ತೆಗೆದ್ರೆ ಸಾಕು, ಅದು ತಾನಾಗೇ ನೆಟ್ಟಗಾಗೋಕೆ ನೋಡ್ತದ. ಅಂದ್ರೆ ಅರ್ಧ ಕೆಲಸ ನೀವು ಮಾಡ್ತೀರಿ, ಉಳಿದರ್ಧ ವಿಮಾನ ಮಾಡ್ತದ.

ಈ ಆಕಾರ ಹುಟ್ಟಿದ್ದು ಕಲಿಯೋರ ಮೇಲಿನ ಕರುಣೆಯಿಂದಷ್ಟೇ ಅಲ್ಲ, ರೇಡಿಯೋದ ಬಡತನದಿಂದಲೂ ಹೌದು. 1930ರ ದಶಕದ ಕೊನೆಗೆ ಅಮೆರಿಕದ ಅವಳಿ ಸಹೋದರರಾದ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ 'ಗಫ್' ಅನ್ನೋ ರೇಡಿಯೋ ನಿಯಂತ್ರಿತ ಮಾದರಿ ವಿಮಾನ ಹಾರಿಸಿದರು. ಅದು ಈಗ ಅಲ್ಲಿನ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದ ಆಸ್ತಿ. ಆ ಕಾಲದಲ್ಲೂ, ಆಮೇಲೆ ಬಹಳ ವರ್ಷಗಳವರೆಗೂ, ಹವ್ಯಾಸಿಗಳ ಕೈಯಲ್ಲಿ ಇರುತ್ತಿದ್ದದ್ದು ಹೆಚ್ಚಾಗಿ ಒಂದೇ ಗುಂಡಿ. ಒಮ್ಮೆ ಒತ್ತಿದರೆ ರಡ್ಡರ್ ಪೂರ್ತಿ ಬಲಕ್ಕೆ, ಎರಡು ಸಲ ಒತ್ತಿದರೆ ಪೂರ್ತಿ ಎಡಕ್ಕೆ. "ಸ್ವಲ್ಪ" ಅನ್ನೋದೇ ಇರಲಿಲ್ಲ. ಹಾಗಾಗಿ ವಿಮಾನವೇ ತನ್ನ ಸಮತೋಲನ ನೋಡಿಕೊಳ್ಳಬೇಕಿತ್ತು. ಮನುಷ್ಯ ಆಗಾಗ ದಾರಿ ತೋರಿಸುತ್ತಿದ್ದ, ಅಷ್ಟೇ.

1960ರ ದಶಕದಲ್ಲಿ ಕಡ್ಡಿ ಎಷ್ಟು ತಿರುಗಿಸಿದರೆ ರಡ್ಡರ್ ಅಷ್ಟೇ ತಿರುಗುವ ರೇಡಿಯೋ ಬಂತು. ಆಗ ಹೊಸ ಪ್ರಶ್ನೆ ಎದ್ದಿತು: ಕೈಯಲ್ಲಿ ಇಷ್ಟು ಹಿಡಿತ ಇರುವಾಗ ವಿಮಾನ ತಾನಾಗೇ ಯಾಕೆ ನೆಟ್ಟಗಾಗಬೇಕು? 1966ರಲ್ಲಿ ಫಿಲ್ ಕ್ರಾಫ್ಟ್ ಅನ್ನೋ ರೇಡಿಯೋ ತಯಾರಕ 'ಅಗ್ಲಿ ಸ್ಟಿಕ್' ಅಂತ ಒಂದು ವಿಮಾನ ಬರೆದ. ಹೆಸರಿಗೆ ತಕ್ಕಂತೆ ಅಂದಗೇಡಿ: ಡಬ್ಬಿಯಂಥ ಮೈ, ಅಗಲ ಒಂದೇ ಸಮ ಇರುವ ದಪ್ಪ ರೆಕ್ಕೆ. ಆದರೆ ಅದು ಮೆತ್ತಗೆ ಇಳಿಯುತ್ತಿತ್ತು, ತಲೆಕೆಳಗಾಗಿಯೂ ಹಾರುತ್ತಿತ್ತು, ಬಿದ್ದರೆ ಮನೆಯಲ್ಲೇ ರಿಪೇರಿ ಮಾಡಬಹುದಿತ್ತು. ಟ್ರೈನರ್ ಮುಗಿಸಿದವರ ಕೈಗೆ ಅರ್ಧ ಶತಮಾನದಿಂದ ಹಿರಿಯರು ಅದನ್ನೋ, ಅದರ ಮರಿ-ಮೊಮ್ಮಕ್ಕಳನ್ನೋ ಕೊಡುತ್ತಾ ಬಂದಿದ್ದಾರೆ.

ನೋಡ್ರಿ, ಎರಡನೇ ವಿಮಾನದ ಕೆಲಸ ಇದೇ. ಮೊದಲನೆಯದು ಹಿಡಿದುಕೊಂಡಿದ್ದ ಕೈಯನ್ನ ಅದು ಬಿಡಬೇಕು. ಆದ್ರೆ ಎರಡೂ ಕೈ ಒಮ್ಮೆಗೇ ಬಿಡಬಾರದು.

ಸಾಂಬ್ರಾದಿಂದ ಬೆಂಗಳೂರಿಗೆ

ಈಗ ದೊಡ್ಡ ವಿಮಾನಗಳ ಕಡೆ ಬರೋಣ. ನಮ್ಮೂರಿಂದಲೇ ಶುರು. ಸಾಂಬ್ರಾ ಏರ್‌ಪೋರ್ಟ್ ಕಟ್ಟಿದ್ದು 1942ರಲ್ಲಿ, ಎರಡನೇ ಮಹಾಯುದ್ಧದ ಕಾಲಕ್ಕೆ, ಬ್ರಿಟಿಷ್ ವಾಯುಪಡೆ. ಇವತ್ತು ಅಲ್ಲಿ ವಾಯುಪಡೆಯ ಏರ್‌ಮನ್ ತರಬೇತಿ ಶಾಲೆ ಅದ. ಅಗ್ನಿವೀರ್ ವಾಯು ಹುಡುಗ ಹುಡುಗಿಯರು ತಯಾರಾಗೋದು ಅಲ್ಲೇ. ಪೈಲಟ್ ತರಬೇತಿ ಮಾತ್ರ ಬೇರೆ ಊರುಗಳಲ್ಲಿ ನಡೀತದ.

ಆ ಯುದ್ಧಕಾಲದಲ್ಲಿ ಭಾರತೀಯ ಪೈಲಟ್ ಮೊದಲು ಬೇಗಂಪೇಟೆಯಲ್ಲೋ ಜೋಧಪುರದಲ್ಲೋ 'ಟೈಗರ್ ಮಾತ್' ಹತ್ತುತ್ತಿದ್ದ. ಎರಡು ಜೊತೆ ರೆಕ್ಕೆಯ, ನಿಧಾನದ ವಿಮಾನ ಅದು. ಆಮೇಲೆ ಅಂಬಾಲಾದಲ್ಲಿ 'ಹಾರ್ವರ್ಡ್': ಒಂದೇ ಜೊತೆ ರೆಕ್ಕೆ, ಅದೂ ಕೆಳಗಡೆ, ದೊಡ್ಡ ಎಂಜಿನ್, ಒಳಗೆ ಮಡಚಿಕೊಳ್ಳುವ ಚಕ್ರ. ಅದು ಪಳಗಿದ ಮೇಲಷ್ಟೇ ಹರಿಕೇನ್, ಸ್ಪಿಟ್‌ಫೈರ್. ನಮ್ಮ ಹುಡುಗರು ಟ್ರೈನರ್ ಬಿಟ್ಟು ನೇರ ಹಾರ್ತೀನಿ ಅಂತಾರಲ್ಲ, ಆ ಸ್ಪಿಟ್‌ಫೈರ್ ಯುದ್ಧದ ಅವಸರದಲ್ಲೂ ಮೂರನೇ ಮೆಟ್ಟಿಲಾಗಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಮೆಟ್ಟಿಲು ಕಟ್ಟೋ ಕೆಲಸ ಬೆಂಗಳೂರಿಗೆ ಬಂತು. ಜರ್ಮನಿಯಲ್ಲಿ ಲುಡ್ವಿಗ್ ಪ್ರಾಂಟ್ಲ್ ಅವರ ಬಳಿ ಕಲಿತು ಬಂದಿದ್ದ ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ಎಚ್‌ಎಎಲ್ 'ಎಚ್‌ಟಿ-2' ವಿನ್ಯಾಸ ಮಾಡಿತು. ಅದು ಹಾರಿದ್ದು 1951ರ ಆಗಸ್ಟ್‌ನಲ್ಲಿ. ಮೊದಲ ಮೆಟ್ಟಿಲು ಸಿದ್ಧವಾಯಿತು. 1964ರ ಸೆಪ್ಟೆಂಬರ್‌ನಲ್ಲಿ 'ಕಿರಣ್' ಜೆಟ್ ಟ್ರೈನರ್ ಹಾರಿತು. ಎರಡನೇ ಮೆಟ್ಟಿಲೂ ಬಂತು. ಎರಡೂ ನಮ್ಮ ರಾಜ್ಯದಲ್ಲೇ ಹುಟ್ಟಿದವು.

ಕಾಣೆಯಾದ ಮೆಟ್ಟಿಲು

ತೊಂದರೆ ಶುರುವಾದದ್ದು ಮೇಲಿನಿಂದ. 1963ರಿಂದ ವಾಯುಪಡೆಗೆ ಮಿಗ್-21 ಬರತೊಡಗಿತ್ತು. ಶಬ್ದದ ಎರಡು ಪಟ್ಟು ವೇಗ, ಚಿಕ್ಕ ತ್ರಿಕೋನ ರೆಕ್ಕೆ, ನೆಲಕ್ಕೆ ಇಳಿಯುವಾಗಲೂ ಗಂಟೆಗೆ 300 ಕಿಲೋಮೀಟರ್‌ಗೂ ಹೆಚ್ಚಿನ ಓಟ. ತುದಿಯ ವಿಮಾನ ಬದಲಾಯಿತು, ಕೆಳಗಿನ ಮೆಟ್ಟಿಲು ಹಾಗೇ ಉಳೀತು. ಶಾಂತ ಸ್ವಭಾವದ ಕಿರಣ್‌ಗೂ ಮಿಗ್-21ಕ್ಕೂ ನಡುವೆ ದೊಡ್ಡ ಕಂದಕ ಬಿತ್ತು.

ಅಪಘಾತಗಳ ಕಾರಣ ಹುಡುಕಲು ಏರ್ ಮಾರ್ಷಲ್ ಲಾ ಫಾಂಟೇನ್ ಅವರ ನೇತೃತ್ವದಲ್ಲಿ ಒಂದು ಸಮಿತಿ ಆಯಿತು. 1982ರಲ್ಲಿ ಅದು ನಡುವೆ ಇನ್ನೊಂದು ವಿಮಾನ ಬೇಕು, ಸುಧಾರಿತ ಜೆಟ್ ಟ್ರೈನರ್ ಬೇಕು ಅಂತ ಶಿಫಾರಸು ಮಾಡಿತು. ಒಪ್ಪಂದಕ್ಕೆ ಸಹಿ ಬಿದ್ದಿದ್ದು 2004ರ ಮಾರ್ಚ್‌ನಲ್ಲಿ. ಲೆಕ್ಕ ಹಾಕ್ರಿ, 22 ವರ್ಷ. ಶಿಫಾರಸು ಆದ ವರ್ಷ ಹುಟ್ಟಿದ ಕೂಸು ಅಷ್ಟೊತ್ತಿಗೆ ತಾನೇ ಪೈಲಟ್ ಆಗಿರಬಹುದಿತ್ತು.

ಆ ನಡುವಿನ ವರ್ಷಗಳಲ್ಲಿ ಫೈಟರ್ ಪೈಲಟ್ ಆಗಲು ಬಂದ ಎಷ್ಟೋ ಹುಡುಗರು ಕಿರಣ್ ಬಿಟ್ಟು ಅಸ್ಸಾಮಿನ ತೇಜಪುರಕ್ಕೆ ಹೋಗಿ ಮಿಗ್-21ರ ಮೇಲೇ ಯುದ್ಧವಿಮಾನದ ಪಾಠ ಕಲಿತರು. ಹೆಚ್ಚಿನವರು ಕಲಿತು ಒಳ್ಳೇ ಪೈಲಟ್ ಆದರು. ಕೆಲವರು ವಾಪಸ್ ಬರಲಿಲ್ಲ.

2006ರಲ್ಲಿ ಬಂದ 'ರಂಗ್ ದೇ ಬಸಂತಿ' ಸಿನಿಮಾ ನೆನಪಿರಬೇಕು. ಅದರಲ್ಲಿ ಮಿಗ್ ಬೀಳ್ತದ, ಸಿಟ್ಟೆಲ್ಲ ಬಿಡಿಭಾಗಗಳ ಭ್ರಷ್ಟಾಚಾರದ ಮೇಲೆ ಹೋಗ್ತದ. ನಿಜ ಜೀವನದ ಅಪಘಾತಗಳಿಗೆ ಕಾರಣ ಒಂದೇ ಇರಲಿಲ್ಲ: ಹಳೇ ಯಂತ್ರ, ತಾಂತ್ರಿಕ ದೋಷ, ಹಕ್ಕಿ ಬಡಿತ, ಮನುಷ್ಯನ ತಪ್ಪು, ಎಲ್ಲಾ ಇತ್ತು. ಆದರೆ ಟ್ರೈನರ್‌ಗೂ ಫೈಟರ್‌ಗೂ ನಡುವೆ ಒಂದು ವಿಮಾನ ಇಲ್ಲ ಅನ್ನೋ ಮಾತು ಸಿನಿಮಾಕ್ಕೆ ಸಿಗುವಂಥ ಖಳನಾಯಕ ಅಲ್ಲ. ಕಡತದಲ್ಲಿ ಧೂಳು ತಿನ್ನೋ ಮಾತು ಅದು.

ಕೊನೆಗೆ 2008ರ ಫೆಬ್ರವರಿಯಲ್ಲಿ ಬೀದರ್ ವಾಯುನೆಲೆಯಲ್ಲಿ 'ಹಾಕ್' ವಿಮಾನ ಸೇವೆಗೆ ಸೇರಿತು. ಮೊದಲ ಒಪ್ಪಂದದ 66ರಲ್ಲಿ 24 ಬ್ರಿಟನ್‌ನಿಂದ ಬರಬೇಕಿತ್ತು, 42 ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗಬೇಕಿತ್ತು. ಕಂದಕ ತುಂಬೋಕೆ ಶುರುವಾಯಿತು.

ಇಷ್ಟಕ್ಕೇ ಮುಗೀಲಿಲ್ರಿ. ಮರುವರ್ಷವೇ ಕೆಳಗಿನ ಮೆಟ್ಟಿಲು ಕುಸೀತು. ಎಚ್‌ಟಿ-2ರ ಜಾಗಕ್ಕೆ ಬಂದಿದ್ದ 'ಎಚ್‌ಪಿಟಿ-32 ದೀಪಕ್' ವಿಮಾನ 2009ರ ಜುಲೈ 31ರಂದು ಬಿದ್ದು ಇಬ್ಬರು ಪೈಲಟ್‌ಗಳು ತೀರಿಕೊಂಡರು. ಅಷ್ಟೊತ್ತಿಗೆ ಆ ಮಾದರಿಯ 17 ಅಪಘಾತಗಳಲ್ಲಿ 19 ಮಂದಿ ಹೋಗಿದ್ದರು. ಇಡೀ ಪಡೆಯನ್ನೇ ನೆಲಕ್ಕಿಳಿಸಿದರು. 2013ರಲ್ಲಿ ಸ್ವಿಟ್ಜರ್‌ಲೆಂಡಿನ ಪಿಲಾಟಸ್ ಬರುವವರೆಗೆ ಹೊಸ ಹುಡುಗರು ಎರಡನೇ ಮೆಟ್ಟಿಲಾದ ಕಿರಣ್‌ನ ಮೇಲೇ ಮೊದಲ ಹೆಜ್ಜೆ ಇಟ್ಟರು.

ಕಿರಣ್ ಬದಲಿಗೆ ಅಂತ ಎಚ್‌ಎಎಲ್ ಮಾಡಿದ 'ಎಚ್‌ಜೆಟಿ-36' ಹಾರಿದ್ದು 2003ರ ಮಾರ್ಚ್‌ನಲ್ಲಿ. ಅದನ್ನ ವರ್ಷಗಟ್ಟಲೆ ಕಟ್ಟಿಹಾಕಿದ್ದು ಸ್ಟಾಲ್ ಮತ್ತು ಸ್ಪಿನ್ ಸಮಸ್ಯೆ. ಸ್ಟಾಲ್ ಅಂದ್ರೆ ವೇಗ ಇಳಿದೋ ಮೂತಿ ಅತಿಯಾಗಿ ಎತ್ತಿದ್ದಕ್ಕೋ ರೆಕ್ಕೆ ಗಾಳಿಯ ಹಿಡಿತ ಕಳ್ಕೊಳ್ಳೋದು. ಸ್ಪಿನ್ ಅಂದ್ರೆ ಹಂಗೇ ಬುಗುರಿಯಂತೆ ಸುತ್ತುತ್ತಾ ಬೀಳೋದು. ಖಾನಾಪುರದ ಗದ್ದೆಯಲ್ಲಿ ಹೊಸ ಥರ್ಮೋಕೋಲ್ ಪ್ಲೇನ್ ಮೂಗು ಊರೋದೂ ಬಹಳ ಸಲ ಇದೇ ಕಾರಣಕ್ಕೆ.

ಹಂಗಾದ್ರೆ ಏನು ತಗೋಬೇಕು?

ಈಗ ನಮ್ಮ ಲೆಕ್ಕಕ್ಕೆ ಬರೋಣ. ಸ್ಪಿಟ್‌ಫೈರ್ ಮಾದರಿ ನೋಡೋಕೆ ಚಂದ, ಹೌದು. ಆದರೆ ಅಂಥ ಯುದ್ಧವಿಮಾನದ ಮಾದರಿಗಳು ತಮ್ಮ ಗಾತ್ರಕ್ಕೆ ಭಾರ ಇರ್ತಾವ, ರೆಕ್ಕೆ ತುದಿ ಸಣ್ಣಗಾಗ್ತಾ ಹೋಗಿರ್ತದ. ಒಂದೇ ಅಳತೆ, ಒಂದೇ ಆಕಾರದ ರೆಕ್ಕೆಯ ಎರಡು ವಿಮಾನ ತಗೊಳ್ರಿ. ಒಂದು 1,000 ಗ್ರಾಂ, ಇನ್ನೊಂದು 1,440 ಗ್ರಾಂ. ಭಾರದ್ದಕ್ಕೆ ಗಾಳಿಯಲ್ಲಿ ನಿಲ್ಲೋಕೆ 20 ಶೇಕಡಾ ಹೆಚ್ಚು ವೇಗ ಬೇಕು. ಇಳಿಸುವಾಗ ನೀವು ಹಳೇ ಅಭ್ಯಾಸದಂತೆ ನಿಧಾನ ಮಾಡ್ತೀರಿ. ಒಂದು ರೆಕ್ಕೆ ತುದಿ ಮೊದಲು ಹಿಡಿತ ಬಿಡ್ತದ, ಕತೆ ಮುಗೀತು.

ಇನ್ನೊಂದು ಸ್ಥಳೀಯ ಸಂಗತಿ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲದ. ಇಲ್ಲಿ ಗಾಳಿ ಸುಮಾರು 7 ಶೇಕಡಾ ತೆಳು. ಕರಾವಳಿಯ ಊರಲ್ಲಿ ವಿಡಿಯೋ ಮಾಡಿದವನ ಪ್ಲೇನ್ ಇಳಿದದ್ದಕ್ಕಿಂತ ನಿಮ್ಮದು ಸ್ವಲ್ಪ ಜೋರಾಗೇ ಇಳೀತದ.

ಹಾಗಾಗಿ ನನ್ನ ಸಲಹೆ ಇಷ್ಟು. ಟ್ರೈನರ್‌ನಲ್ಲಿ ಏಲರಾನ್ ಇರಲಿಲ್ಲ ಅಂದ್ರೆ, ಅಂದ್ರೆ ರೆಕ್ಕೆಯ ಹಿಂಬದಿಯ ಆ ಎರಡು ಚಲಿಸೋ ಪಟ್ಟಿ, ಮುಂದಿನದರಲ್ಲಿ ಅದು ಇರಲಿ. ರೆಕ್ಕೆ ಮೇಲೇ ಇದ್ರೂ ನಡೀತದ. ಏಲರಾನ್ ಆಗಲೇ ಗೊತ್ತಿದ್ರೆ, ರೆಕ್ಕೆ ಮಧ್ಯಕ್ಕೋ ಕೆಳಕ್ಕೋ ಇರೋ, ಅಗಲ ಒಂದೇ ಸಮ ಇರೋ, ಹಗುರವಾದ ಸ್ಪೋರ್ಟ್ ವಿಮಾನ ತಗೊಳ್ರಿ. ಒಂದು ಸಲಕ್ಕೆ ಒಂದೇ ಆಸರೆ ಬಿಡ್ರಿ. ಹಾರ್ವರ್ಡ್ ಮಾಡಿದ ಕೆಲಸವನ್ನ ನಿಮ್ಮ ಮಟ್ಟಕ್ಕೆ ಇದೇ ಮಾಡ್ತದ.

ಇದು ಸಾಕಷ್ಟು ಕೈಗೆ ಬಂತಾ ಅಂತ ತಿಳಿಯೋಕೆ ಒಂದು ಪರೀಕ್ಷೆ ಅದ. ಟ್ರೈನರ್‌ನ ಸಾಕಷ್ಟು ಎತ್ತರಕ್ಕೆ ಒಯ್ದು, ಎಂಜಿನ್ ಇಳಿಸಿ, ಬೇಕಂತಲೇ ಸ್ಟಾಲ್ ಮಾಡಿ ಎತ್ತಿಕೊಳ್ರಿ. ಅಡ್ಡಗಾಳಿಯಲ್ಲಿ ಎಡದಿಂದಲೂ ಬಲದಿಂದಲೂ ಇಳಿಸ್ರಿ. ವಿಮಾನ ನಿಮ್ಮ ಕಡೆಗೇ ಮುಖ ಮಾಡಿ ಬರುವಾಗ ಎಡ ಬಲ ಗೊಂದಲ ಆಗಬಾರದು. ಇವು ಮೂರೂ ಬಂದ್ರೆ ಮುಂದೆ ಹೋಗ್ರಿ.

ರೊಕ್ಕದ ವಿಚಾರ: ರಿಮೋಟ್, ಚಾರ್ಜರ್ ನಿಮ್ಮ ಸ್ಥಿರ ಆಸ್ತಿ, ಅದಕ್ಕೆ ಖರ್ಚು ಮಾಡ್ರಿ. ವಿಮಾನ ಸವೆಯೋ ಸರಕು. ಟ್ರೈನರ್‌ನ ಬ್ಯಾಟರಿಯಿಂದಲೇ ಓಡೋ ವಿಮಾನ ಆರಿಸಿದ್ರೆ ಉಳಿದ ರೊಕ್ಕಕ್ಕೆ ಇನ್ನೊಂದು ಜೊತೆ ರೆಕ್ಕೆ, ನಾಲ್ಕು ಪ್ರೊಪೆಲ್ಲರ್ ಬರ್ತಾವ. ಟ್ರೈನರ್ ಮಾತ್ರ ಮಾರಬ್ಯಾಡ್ರಿ. ಮಳೆಗಾಲ ಮುಗಿದ ಮೇಲೆ ಕೈಗೆ ಮತ್ತೆ ಪಳಗಿಸೋಕೆ ಅದೇ ಬೇಕು.

ಎಲ್ಲಿ ಹಾರಿಸೋದು?

2021ರ ಆಗಸ್ಟ್‌ನ ಡ್ರೋನ್ ನಿಯಮ ನಮ್ಮ ಆಟಕ್ಕೂ ಅನ್ವಯ. ನಡೀತಿರೋ ಏರ್‌ಪೋರ್ಟ್‌ನ ಎಲ್ಲೆಯಿಂದ 8ರಿಂದ 12 ಕಿಲೋಮೀಟರ್ ನಡುವೆ 200 ಅಡಿವರೆಗೆ, ಅದರಾಚೆ ಹಸಿರು ವಲಯದಲ್ಲಿ 400 ಅಡಿವರೆಗೆ ಹಾರಾಟ. ಅದಕ್ಕಿಂತ ಹತ್ತಿರ ಅನುಮತಿ ಇಲ್ಲದೆ ಆಗಂಗಿಲ್ಲ. ಸಾಂಬ್ರಾ ಊರಿನ ಪೂರ್ವಕ್ಕೆ 10 ಕಿಲೋಮೀಟರ್ ಆಸುಪಾಸು ಇರೋದರಿಂದ ನಗರದ ಬಹುಭಾಗ ಈ ಲೆಕ್ಕದೊಳಗೇ ಬರ್ತದ, ಮೇಲಾಗಿ ಸೇನೆಯ ಜಾಗಗಳೂ ಅದಾವ. ಅದಕ್ಕೇ ಖಾನಾಪುರ ರಸ್ತೆ ಹಿಡಿದು, ಮಚ್ಛೆ ದಾಟಿ ಹೋಗೋದು ಒಳ್ಳೇದು. ಭತ್ತದ ಕೊಯ್ಲು ಆದ ಮೇಲೆ ಖಾಲಿ ಗದ್ದೆ ಸಿಗ್ತಾವ. ಹೊಲದ ಕಾಕಾರನ್ನ ಮೊದಲು ಕೇಳ್ರಿ, ಕನ್ನಡದಾಗೋ ಮರಾಠಿಯಾಗೋ. ಭೀಮಗಡ ಅಭಯಾರಣ್ಯದ ಕಡೆ ಹೋಗಲೇಬ್ಯಾಡ್ರಿ. ಹೊರಡೋ ಮೊದಲು ಸರ್ಕಾರದ ವಾಯುಪ್ರದೇಶ ನಕ್ಷೆಯಲ್ಲಿ ಆ ದಿನದ ಬಣ್ಣ ನೋಡ್ರಿ.

ಮಿಗ್-21 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ನಿವೃತ್ತಿ ಆಯಿತು. ಎಲ್ಲರೂ ಅದರ ಯುದ್ಧಗಳನ್ನ ನೆನೆದರು, ನೆನೆಯಲೇಬೇಕು. ಬೀದರ್ ಆಕಾಶದಾಗ ಹಾಕ್ ಮೇಲೆ ಪಾಠ ಕಲಿಯೋ ಹುಡುಗ ಹುಡುಗಿಯರು ಇವತ್ತು ಆ ಕಂದಕ ಜಿಗೀಬೇಕಾಗಿಲ್ಲ. ನಮ್ಮ ಗದ್ದೆಯಾಗ ತಪ್ಪಿದ್ರೆ ಒಂದು ಟ್ಯೂಬ್ ಅಂಟಿನಾಗ ಮುಗೀತದ. ಅಷ್ಟು ಅಗ್ಗದಾಗ ಕಲಿಯೋ ಅವಕಾಶ ನಮಗದ, ಅದನ್ನ ಮೆಟ್ಟಿಲು ಹಾರಿ ಹಾಳು ಮಾಡ್ಕೋಬ್ಯಾಡ್ರಿ.

ನಿಮ್ಮ ಎರಡನೇ ವಿಮಾನ ಯಾವುದು, ಯಾಕೆ ಅಂತ ಒಂದು ವಾಯ್ಸ್ ನೋಟ್ ಕಳಸ್ರಿ. ಮುಂದಿನ ವಾರ ಮತ್ತೆ ಸಿಗೋಣ. ಬರ್ತೀನ್ರಿ.