ತಿಮ್ಮಯ್ಯ 'ಟಿಮ್ಮಿ' ಆದದ್ದು ಹೇಗೆ? ಟಿಮೊಥಿ ಹೆಸರಿಗೂ ಕೊಡಗಿಗೂ ನಂಟಿದೆಯೇ?

ಟಿಮೊಥಿ ಎಂಬುದು ಇಂಗ್ಲಿಷರು ಗಂಡುಮಕ್ಕಳಿಗೆ ಇಡುವ ಹಳೆಯ ಹೆಸರು. ಮುದ್ದಿನಿಂದ ಕರೆಯುವಾಗ ಅದು ಟಿಮ್ ಅಥವಾ ಟಿಮ್ಮಿ ಆಗುತ್ತದೆ. ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ ಅವರಿಗೂ ಸೇನೆಯಲ್ಲಿ 'ಟಿಮ್ಮಿ' ಎಂಬ ಹೆಸರಿತ್ತು. ಹಾಗಾದರೆ ಎರಡರ ಮೂಲ ಒಂದೇನಾ? ಕೊಡವರು ಅಲೆಕ್ಸಾಂಡರನ ಸೈನಿಕರ ವಂಶದವರು ಎಂಬ ಮಾತು ಆಗಾಗ ಹರಿದಾಡುತ್ತದೆ. ಇಂಥ ಹೋಲಿಕೆ ಅದಕ್ಕೆ ಸಾಕ್ಷಿಯಾಗುತ್ತದೆಯೇ? ನೋಡೋಣ.

ಟಿಮೊಥಿ ಎಂದರೇನು?

ಇದು 'ತಿಮೊಥೆಯೊಸ್' ಎಂಬ ಗ್ರೀಕ್ ಹೆಸರಿನಿಂದ ಬಂದದ್ದು. ಗ್ರೀಕ್ ಭಾಷೆಯಲ್ಲಿ 'ತಿಮೆ' ಎಂದರೆ ಗೌರವ, 'ಥೆಯೊಸ್' ಎಂದರೆ ದೇವರು. ಒಟ್ಟಾರೆ ಅರ್ಥ 'ದೇವರನ್ನು ಗೌರವಿಸುವವನು'. ಯೇಸುವಿಗಿಂತ ಮೊದಲೇ ಗ್ರೀಕರಲ್ಲಿ ಈ ಹೆಸರಿತ್ತು. ಸಂತ ಪೌಲನ ಜೊತೆಗಾರನ ಹೆಸರೂ ಇದೇ. ಕನ್ನಡ ಬೈಬಲಿನಲ್ಲಿ ಆತ 'ತಿಮೊಥೆ'. ಇಂಗ್ಲೆಂಡಿನಲ್ಲಿ ಈ ಹೆಸರು ಬಳಕೆಗೆ ಬಂದದ್ದು 16ನೇ ಶತಮಾನದ ಧರ್ಮಸುಧಾರಣೆಯ ನಂತರ.

ತಿಮ್ಮಯ್ಯ ಎಂದರೇನು?

ತಿರುಪತಿಯ ವೆಂಕಟೇಶ್ವರ ಕನ್ನಡಿಗರಿಗೆ ತಿಮ್ಮಪ್ಪ. ತಿಮ್ಮ, ತಿಮ್ಮಕ್ಕ, ತಿಮ್ಮೇಗೌಡ ಎಲ್ಲವೂ ಇದೇ ಬಳಗದ ಹೆಸರುಗಳು. ತಿಮ್ಮಯ್ಯ ಹೆಸರಿನ ಕೊನೆಯಲ್ಲಿರುವ 'ಅಯ್ಯ' ಗೌರವಸೂಚಕ. ಕೊಡಗು ಬ್ರಿಟಿಷರ ಕೈಸೇರಿದ್ದು 1834ರಲ್ಲಿ. ಅದಕ್ಕೂ ಮುನ್ನೂರು ವರ್ಷ ಹಿಂದೆಯೇ ವಿಜಯನಗರದ ಕೃಷ್ಣದೇವರಾಯನ ಮಂತ್ರಿಯ ಹೆಸರು ತಿಮ್ಮರಸು. ಅಂದರೆ ಈ ಹೆಸರನ್ನು ನಮಗೆ ಇಂಗ್ಲಿಷರು ಕೊಟ್ಟಿದ್ದಲ್ಲ.

ಮತ್ತೆ 'ಟಿಮ್ಮಿ' ಬಂದದ್ದು ಎಲ್ಲಿಂದ?

ತಿಮ್ಮಯ್ಯ ಅವರು 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದರು. ಆಪ್ತರು ಅವರನ್ನು ಕರೆಯುತ್ತಿದ್ದುದು 'ದುಬ್ಬು' ಎಂದು. ಸೇನೆಯಲ್ಲಿ ತಿಮ್ಮಯ್ಯ ಎಂಬ ಹೆಸರು ಇಂಗ್ಲಿಷ್ ನಾಲಿಗೆಗೆ ಪರಿಚಿತವಾದ ಟಿಮ್ಮಿ ಆಯಿತು. ಕೊಡಗಿನವರೇ ಆದ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಅವರಿಗೂ ಹೀಗೆಯೇ ಆಗಿತ್ತು. ಅವರ ಹೆಸರು ಹೇಳಲು ಕಷ್ಟವೆಂದು ಬ್ರಿಟಿಷ್ ಅಧಿಕಾರಿಯೊಬ್ಬರ ಪತ್ನಿ 'ಕಿಪ್ಪರ್' ಎಂದು ಕರೆದರು. ಇಂಗ್ಲಿಷಿನಲ್ಲಿ ಕಿಪ್ಪರ್ ಎಂದರೆ ಹೊಗೆಯಲ್ಲಿ ಒಣಗಿಸಿದ ಮೀನು! ಅದನ್ನು ಹಿಡಿದು ಕಾರ್ಯಪ್ಪ ಎಂಬ ಹೆಸರಿನ ಅರ್ಥ ಹುಡುಕಿದರೆ ಹೇಗಿರುತ್ತದೆ?

ಅಲೆಕ್ಸಾಂಡರನ ಮಾತು ನಿಜವೇ?

ಅಲೆಕ್ಸಾಂಡರ್ ಕ್ರಿ.ಪೂ. 326ರಲ್ಲಿ ಪಂಜಾಬಿನ ಬಿಯಾಸ್ ನದಿಯ ದಂಡೆಯಿಂದಲೇ ಹಿಂತಿರುಗಿದ. ದಕ್ಷಿಣಕ್ಕೆ ಬರಲೇ ಇಲ್ಲ. ಎರಡು ಹೆಸರುಗಳು ಕಿವಿಗೆ ಒಂದೇ ರೀತಿ ಕೇಳಿಸಿದ ಮಾತ್ರಕ್ಕೆ ಒಂದು ಸಮುದಾಯದ ಮೂಲವನ್ನು ತೀರ್ಮಾನಿಸಲಾಗದು. ನಮ್ಮ ಹಿರಿಯರ ಹೆಸರಿಗೆ ಹೊರಗಿನ ಮೂಲ ಹಚ್ಚಿದರೆ ಅದರ ಹಿಂದಿರುವ ನಮ್ಮದೇ ಚರಿತ್ರೆ ಮರೆಯಾಗುತ್ತದೆ.

ಫಾರ್ವರ್ಡ್ ಮಾಡುವ ಮುನ್ನ

ಹೆಸರಿನ ಅರ್ಥ ಹೇಳುವ ಸಂದೇಶ ಬಂದರೆ ಮೂರು ಪ್ರಶ್ನೆ ಕೇಳಿ. ಆ ಹೆಸರಿನ ಹಳೆಯ ರೂಪ ಯಾವುದು? ಅದೇ ಭಾಷೆಯಲ್ಲಿ ಅದರ ಬಳಗದ ಬೇರೆ ಹೆಸರುಗಳಿವೆಯೇ? ಅದು ಮೊದಲು ಕಾಣಿಸಿದ್ದು ಯಾವ ಕಾಲದಲ್ಲಿ? ಉತ್ತರ ಸಿಗದಿದ್ದರೆ ಕಳುಹಿಸಬೇಡಿ.

ತಿಮ್ಮಯ್ಯ ಅವರಿಗೆ ಗ್ರೀಕ್ ನಂಟು ಇದ್ದೇ ಇದೆ, ಆದರೆ ಅದು ಹೆಸರಿನಲ್ಲಿಲ್ಲ. ಗ್ರೀಕ್ ಮಾತನಾಡುವವರೇ ಹೆಚ್ಚಾಗಿರುವ ಸೈಪ್ರಸ್‌ನಲ್ಲಿ ಅವರು ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾಗಿದ್ದರು. 1965ರ ಡಿಸೆಂಬರ್ 18ರಂದು ಅಲ್ಲಿಯೇ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ಹೊರತಂದಿತು.