ದಂತಕ್ಷತವೂ ರಕ್ತದ ಕಲೆಯೂ

ಕೊರಳಿನಲ್ಲಿಯೋ ಭುಜದಲ್ಲಿಯೋ ತುಟಿಯ ಹೀರುವಿಕೆಯಿಂದ ಮೂಡುವ ಕೆಂಗಪ್ಪು ಕಲೆಯನ್ನು ಕುರಿತು ಸಂಸಾರಸ್ಥರ ಮನೆಗಳಲ್ಲಿ ಮಾತನಾಡುವುದು ವಾಡಿಕೆಯಲ್ಲ. ಸಂಸ್ಕೃತ ಶಾಸ್ತ್ರಕಾರರಿಗಾದರೋ ಈ ಸಂಕೋಚವಿರಲಿಲ್ಲ. ವಾತ್ಸ್ಯಾಯನನು ಕಾಮಸೂತ್ರದ ಎರಡನೆಯ ಅಧಿಕರಣದಲ್ಲಿ ಇದಕ್ಕಾಗಿ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ಗೂಢಕ, ಉಚ್ಛೂನಕ, ಬಿಂದು, ಬಿಂದುಮಾಲಾ, ಪ್ರವಾಲಮಣಿ, ಮಣಿಮಾಲಾ, ಖಂಡಾಭ್ರಕ, ವರಾಹಚರ್ವಿತಕ ಎಂಬ ಎಂಟು ಭೇದಗಳನ್ನು ಹೇಳಿದ್ದಾನೆ. ಕೇವಲ ಕೆಂಪಿನಿಂದ ತಿಳಿಯಬರುವುದು ಗೂಢಕ. ಒತ್ತಿದುದರಿಂದ ಊದಿಕೊಂಡುದು ಉಚ್ಛೂನಕ. ಚರ್ಮದ ಮೇಲಿನ ಗುರುತುಗಳನ್ನು ಎಷ್ಟು ಸೂಕ್ಷ್ಮವಾಗಿ ನೋಡಿದ್ದರೆಂಬುದಕ್ಕೆ ಇದೇ ಸಾಕ್ಷಿ.

ಅದೇ ಗ್ರಂಥದಲ್ಲಿ ಇನ್ನೊಂದು ಮಾತೂ ಉಂಟು. ಆಯಾ ದೇಶದ ಆಚಾರವನ್ನೂ ಸ್ತ್ರೀಯ ಇಷ್ಟವನ್ನೂ ಅರಿತು ನಡೆಯತಕ್ಕದ್ದೆಂದೂ, ಮಧ್ಯದೇಶದ ಸ್ತ್ರೀಯರು ನಖದಂತಗಳ ಗುರುತುಗಳನ್ನು ದ್ವೇಷಿಸುವರೆಂದೂ ಸೂತ್ರಕಾರನು ಎಚ್ಚರಿಸುತ್ತಾನೆ. ಕಲೆಯನ್ನು ವರ್ಣಿಸಿದವನೇ ಸಮ್ಮತಿಯ ಎಲ್ಲೆಯನ್ನೂ ಗುರುತಿಸಿದ್ದಾನೆಂಬುದನ್ನು ಮರೆಯಲಾಗದು.

ಹೀರಿದರೆ ರಕ್ತವು ಚರ್ಮದತ್ತ ಒತ್ತರಿಸುವುದೆಂಬುದನ್ನು ವೈದ್ಯರೂ ಬಲ್ಲವರಾಗಿದ್ದರು. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 13ನೆಯ ಅಧ್ಯಾಯದಲ್ಲಿ ವಾತದುಷ್ಟ ರಕ್ತಕ್ಕೆ ಕೊಂಬು, ಪಿತ್ತದುಷ್ಟಕ್ಕೆ ಜಿಗಣೆ, ಕಫದುಷ್ಟಕ್ಕೆ ಸೋರೆಬುರುಡೆ ಎಂದು ವಿಧಿಸಿದೆ. ಹೀರುಬಟ್ಟಲಿನ ಚಿಕಿತ್ಸೆಯು ಇಂದಿಗೂ ಅಳಿದಿಲ್ಲ. 2016ರಲ್ಲಿ ರಿಯೋ ಒಲಿಂಪಿಕ್ ಕ್ರೀಡೆಗಳಲ್ಲಿ ಅಮೆರಿಕದ ಈಜುಗಾರ ಮೈಕೇಲ್ ಫೆಲ್ಪ್ಸನ ಹೆಗಲ ಮೇಲೆ ಕಂಡ ದುಂಡು ಕಲೆಗಳು ಅದರಿಂದಲೇ ಆದುವು. ತುಟಿಯ ಕಲೆಗೂ ಬಟ್ಟಲಿನ ಕಲೆಗೂ ಕಾರಣ ಒಂದೇ: ಸೂಕ್ಷ್ಮ ರಕ್ತನಾಳಗಳು ಒಡೆದು, ರಕ್ತವು ಚರ್ಮದ ಕೆಳಗೆ ಸೋರುವುದು.

ಸೋರಿದ ರಕ್ತದ ಗತಿಯೇನೆಂಬ ಪ್ರಶ್ನೆಗೆ ಉತ್ತರವು ತಡವಾಗಿ ಬಂದಿತು. 1847ರಲ್ಲಿ ಜರ್ಮನಿಯ ರುಡೋಲ್ಫ್ ವಿರ್ಖೋ ಎಂಬ ವೈದ್ಯನು ಹಳೆಯ ರಕ್ತಸ್ರಾವದ ಸ್ಥಳಗಳಲ್ಲಿ ಕಾಣುವ ಹರಳುಗಳನ್ನು ವರ್ಣಿಸಿ, ಅವಕ್ಕೆ ಹೆಮಟಾಯ್ಡಿನ್ ಎಂದು ಹೆಸರಿಟ್ಟನು. 1968ರಲ್ಲಿ ಟೆನ್‌ಹೂನೆನ್, ಮಾರ್ವರ್, ಷ್ಮಿಡ್ ಎಂಬ ಮೂವರು ರಕ್ತದ ಕೆಂಪು ದ್ರವ್ಯವನ್ನು ಒಡೆಯುವ ಕಿಣ್ವವನ್ನು ತೋರಿಸಿಕೊಟ್ಟರು. ಆ ದ್ರವ್ಯವು ಮೊದಲು ಹಸುರಾದ ಬಿಲಿವರ್ಡಿನ್ ಆಗಿ, ಬಳಿಕ ಹಳದಿಯ ಬಿಲಿರುಬಿನ್ ಆಗಿ ಮಾರ್ಪಡುತ್ತದೆ. ಬಿಡುಗಡೆಯಾದ ಕಬ್ಬಿಣವು ಕಂದುಬಣ್ಣವನ್ನುಳಿಸುತ್ತದೆ. ಕಲೆಯು ಬಣ್ಣ ಬದಲಿಸುತ್ತ ಮಾಯುವುದರ ರಹಸ್ಯವಿದು.

ಬಣ್ಣವನ್ನು ನೋಡಿ ಕಲೆಯ ವಯಸ್ಸನ್ನು ನಿರ್ಣಯಿಸುವುದು ಮಾತ್ರ ಅಪಾಯಕರ. 1991ರಲ್ಲಿ ಪ್ರಕಟವಾದ ಲ್ಯಾಂಗ್ಲೋಯ್ ಮತ್ತು ಗ್ರೆಷಮ್ ಇವರ ಅಧ್ಯಯನದಲ್ಲಿ, ಪೆಟ್ಟಾಗಿ 18 ಗಂಟೆಗಳಿಗೆ ಮುನ್ನ ಹಳದಿಯು ಕಾಣಲಿಲ್ಲ. ಅದಕ್ಕಿಂತ ಹೆಚ್ಚಿನ ನಿಖರತೆ ದೊರೆಯಲಿಲ್ಲ. ಕಪ್ಪು ಚರ್ಮದಲ್ಲಿ ಬಣ್ಣಗಳು ಇನ್ನೂ ಮಸಕಾಗಿರುತ್ತವೆ. ಆದುದರಿಂದ ಕಲೆಯೊಂದನ್ನು ಆಧಾರವಾಗಿಟ್ಟುಕೊಂಡು ಯಾರ ಮೇಲಾದರೂ ಅಪವಾದ ಹೊರಿಸುವುದು, ಅದು ಮನೆಯಲ್ಲಾಗಲಿ ನ್ಯಾಯಸ್ಥಾನದಲ್ಲಾಗಲಿ, ಅನ್ಯಾಯಕ್ಕೆ ದಾರಿ. ಕೊರಳಿನ ಕಲೆಯು ಪ್ರಣಯದ್ದಾಗಿರಬಹುದು, ಕೊರಳು ಹಿಸುಕಿದುದಾಗಿರಬಹುದು, ರಕ್ತ ಹೆಪ್ಪುಗಟ್ಟದ ರೋಗದ್ದೂ ಆಗಿರಬಹುದು. ಗದರಿಕೆಗೆ ಮುನ್ನ ವಿಚಾರಣೆಯೂ, ನಿಂದೆಗೆ ಮುನ್ನ ಅನುಕಂಪವೂ ಬೇಕು.

ಚಿಕಿತ್ಸೆಯು ಸರಳ. ಮೊದಲ ದಿನದಲ್ಲಿ ಹಿಮವನ್ನು ಬಟ್ಟೆಯಲ್ಲಿ ಸುತ್ತಿ, ಹತ್ತು ಹದಿನೈದು ನಿಮಿಷಗಳ ಕಾಲ ಆಗಾಗ್ಗೆ ಇಟ್ಟರೆ ಸೋರಿಕೆಯು ತಗ್ಗಬಹುದು. ಒಂದೆರಡು ದಿನಗಳ ಬಳಿಕ ಹದವಾದ ಬಿಸಿ ಒತ್ತಡವು ಹಿತಕರ. ನಾಣ್ಯದಿಂದ ಕೆರೆಯುವುದು, ಬಲವಾಗಿ ಉಜ್ಜುವುದು ಇವುಗಳಿಂದ ಇನ್ನಷ್ಟು ನಾಳಗಳು ಒಡೆಯುವುವಲ್ಲದೆ ಕಲೆಯು ಕರಗದು. ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಅದು ತಾನಾಗಿಯೇ ಅಡಗುವುದು. ಕಾರಣವಿಲ್ಲದೆ ಮೇಲಿಂದ ಮೇಲೆ ಕಲೆಗಳು ಮೂಡಿದರೆ ವೈದ್ಯರಿಗೆ ತೋರಿಸತಕ್ಕದ್ದು. 2010ರಲ್ಲಿ ನ್ಯೂಜಿಲೆಂಡಿನ ವೈದ್ಯಪತ್ರಿಕೆಯೊಂದು ಕೊರಳಿನ ಇಂಥ ಕಲೆಯ ಹಿಂದೆಯೇ ಪಾರ್ಶ್ವವಾಯು ತಗಲಿದ ಪ್ರಸಂಗವನ್ನು ವರದಿಮಾಡಿತು. ಇಂಥದು ಅತಿವಿರಳ, ಆದರೂ ಕೈಕಾಲು ಸ್ವಾಧೀನ ತಪ್ಪಿದರೆ, ಮಾತು ತೊದಲಿದರೆ ನಾಚಿಕೆಯನ್ನು ಬದಿಗಿಟ್ಟು ಕೂಡಲೆ ಆಸ್ಪತ್ರೆಗೆ ಹೋಗಬೇಕು. ಮುಚ್ಚುಮರೆಯಿಂದ ಕಲೆಯು ಮರೆಯಾಗಬಹುದು, ವ್ಯಾಧಿಯು ಮರೆಯಾಗದು.